ಹತ್ತೇತ್ರಿ ಸರ್

ನಮ್ಮ ಮಾವನವರೆಂದರೆ ಸವಣೂರಿನ ರಿಪೇರಿ ಅಂಗಡಿಯವರಿಗೆಲ್ಲ ಎಲ್ಲಿಲ್ಲದ ಪ್ರೀತಿ. ಹಾಗಂತ ಅವರು ಯಾವ ಅಂಗಡಿಯ ಮೆಟ್ಟಿಲನ್ನೂ ಹತ್ತಿದವರಲ್ಲ. ಮನೆಯಲ್ಲಿ ಏನು ಕೆಟ್ಟರೂ ತಾವೇ ಬಿಚ್ಚುತ್ತಾರೆ. ಮತ್ತೆ ಪ್ರೀತಿ ಯಾಕೆ ಅಂತೀರಾ? ಅವರು ಬಿಚ್ಚಿದ ವಸ್ತು ಇವತ್ತಲ್ಲ ನಾಳೆ ನಮ್ಮ ಅತ್ತೆಯವರ ಸೆರಗಿನ ಮರೆಯಲ್ಲಿ ಅಂಗಡಿಗೆ ಬಂದೇ ಬರುತ್ತದೆ, ಬರುವಾಗ ಒಂದರ ಜಾಗದಲ್ಲಿ ಮೂರು ರೋಗ ಹೊತ್ತು ತರುತ್ತದೆ ಎಂಬ ಖಾತ್ರಿ ಅಂಗಡಿಯವರಿಗಿದೆ!

ಮಾವನವರು ಇಲ್ಲಿನ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಗಣಿತ ಕಲಿಸಿದವರು. ಕೊನೆಯ ಕೆಲವು ವರ್ಷ ಹೆಡ್ ಮಾಸ್ತರರೂ ಆಗಿದ್ದರು. ಊರಿನ ವೀಳ್ಯದೆಲೆ ತೋಟದವರು, ಕುರುಕಲು ಖಾರಾ ಕರಿಯುವವರು, ಬಸ್ಸಿನ ಕಂಡಕ್ಟರು, ಬ್ಯಾಂಕಿನ ಕ್ಯಾಷಿಯರು, ಯಾರನ್ನು ಕೇಳಿದರೂ "ನಾ ಸರ್ ಕೈಯಾಗ ಕಲತಾಂವ್ರಿ" ಅನ್ನುತ್ತಾರೆ. ಹಾಗೆನ್ನುವಾಗ ಕೆಲವರು ತಮಗೇ ಗೊತ್ತಿಲ್ಲದೆ ಅಂಗೈ ಸವರಿಕೊಳ್ಳುತ್ತಾರೆ. ಛಡಿ ಏಟಿನ ನೆನಪು ಅಷ್ಟು ಬೇಗ ಹೋಗುತ್ತದೆಯೇ?

ನಾನು ಹಾನಗಲ್ಲಿನಿಂದ ಈ ಮನೆಗೆ ಸೊಸೆಯಾಗಿ ಬಂದು ಒಂಬತ್ತು ವರ್ಷವಾಯಿತು. ಬಂದ ಮೂರನೆಯ ದಿನ ಅತ್ತೆ ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. ತಿಜೋರಿಯ ಕೀಲಿಕೈ ಕೊಡುತ್ತಾರೇನೋ ಎಂದು ನಾನು ಕೈಯನ್ನೂ ಒರೆಸಿಕೊಂಡೆ. ಅವರು ಹೇಳಿದ್ದು ಇಷ್ಟೇ: "ಮನ್ಯಾಗ ಏನರ ಕೆಟ್ರ ಮೊದ್ಲ ನನಗ ಹೇಳವಾ. ಅವರ ಕಿವಿಗೆ ಬಿತ್ತಂದ್ರ ಅದು ನಮಗ ದಕ್ಕಂಗಿಲ್ಲ."

ಹೊಸ ಸೊಸೆ, ಇಂಥ ಮಾತಿನ ಬೆಲೆ ನನಗೆಲ್ಲಿ ಗೊತ್ತಾಗಬೇಕು! ವಾರದೊಳಗೆ ಮಾವನವರ ಎದುರು ಬಾಯಿತಪ್ಪಿ, ಮಿಕ್ಸರ್ ಯಾಕೋ ಸದ್ದು ಮಾಡುತ್ತಿದೆ ಎಂದೆ. ಅವರು ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದರು. ಪಡಸಾಲೆಯಲ್ಲಿ ಪೇಪರು ಹಾಸಿ, ಕನ್ನಡಕ ಏರಿಸಿ, ಮಿಕ್ಸರನ್ನು ಬಿಚ್ಚಿ ಹರವಿದರು. ಸಂಜೆ ಎಲ್ಲ ಕೂಡಿಸಿದಾಗ ಮೂರು ಸ್ಕ್ರೂ ಉಳಿದವು. ಕಂಪನಿಯವರು ಕೆಲವನ್ನು ಹೆಚ್ಚಿಗೆ ಹಾಕಿರುತ್ತಾರೆಂದು ನನಗೆ ತಿಳಿಹೇಳಿದರು. ಅವತ್ತಿನಿಂದ ಮಿಕ್ಸರ್ ಸದ್ದು ಮಾಡುವುದನ್ನು ನಿಲ್ಲಿಸಿತು. ತಿರುಗುವುದನ್ನೂ ನಿಲ್ಲಿಸಿತು. ಹೀಗೆ ಉಳಿದ ಸ್ಕ್ರೂಗಳಿಗೆಂದೇ ನಮ್ಮಲ್ಲಿ ಖಾರಾದ ಖಾಲಿ ಡಬ್ಬಿಯೊಂದಿತ್ತು, ಈಗ ಅದು ತುಂಬಿ ಎರಡನೆಯದು ಶುರುವಾಗಿದೆ. ಎರಡನ್ನೂ ಸುರುವಿ ಕೂಡಿಸಿದರೆ ಇನ್ನೊಂದು ಮಿಕ್ಸರೂ ಒಂದು ಹೊಲಿಗೆ ಯಂತ್ರವೂ ಆದೀತೆಂದು ನನ್ನ ಗಂಡನ ಅಂದಾಜು.

ಪಡಸಾಲೆಯ ಫ್ಯಾನಿನದು ಇನ್ನೊಂದು ಕಥೆ. ಅದನ್ನು ಇಳಿಸಿ, ಎಣ್ಣೆ ಬಿಟ್ಟು, ಮತ್ತೆ ಏರಿಸಿದರು. ತಿರುಗಿತು, ಇಲ್ಲವೆನ್ನಲಾರೆ. ಆದರೆ ಉಲ್ಟಾ! ಕೆಳಗೆ ಕೂತ ನಮಗೆ ಹನಿ ಗಾಳಿಯಿಲ್ಲ, ಮೇಲೆ ಜಂತಿಯ ಜೇಡಗಳಿಗೆ ಮಾತ್ರ ತಂಪೋ ತಂಪು. ಮಾವನವರು ತಪ್ಪೆಂದು ಒಪ್ಪಿಯಾರೇ? ಬಿಸಿ ಗಾಳಿ ಮೇಲಕ್ಕೇರುವುದು ಪ್ರಕೃತಿ ನಿಯಮ, ಫ್ಯಾನು ಅದಕ್ಕೆ ನೆರವಾಗುತ್ತಿದೆ ಅಷ್ಟೇ ಎಂದು ಅರ್ಧ ಗಂಟೆ ಪಾಠ ಮಾಡಿದರು. ನಾವೆಲ್ಲ ಬೆವರು ಒರೆಸಿಕೊಳ್ಳುತ್ತ ತಲೆಯಾಡಿಸಿದೆವು.

ಇಂಥವರ ಕೈಗೆ ಒಂದು ಕಾರು ಬಂತು. ನಿವೃತ್ತಿಯಾದ ವರ್ಷ ಶಿಗ್ಗಾಂವಿಯ ವಕೀಲರೊಬ್ಬರಿಂದ ಕೊಂಡ ಹಳೆಯ ಬಿಳಿ ಕಾರು. ಅದಕ್ಕೆ ಅವರದೇ ಕಾಯಿದೆಗಳಿವೆ. ಸ್ಟೀರಿಂಗಿನ ಮುಂದೆ ಅವರಲ್ಲದೆ ಇನ್ನೊಬ್ಬರು ಕೂಡುವ ಹಾಗಿಲ್ಲ, ಹೆತ್ತ ಮಗನೂ ಇಲ್ಲ. ಬಾನೆಟ್ಟನ್ನು ಇನ್ನೊಬ್ಬರು ಎತ್ತುವ ಹಾಗಿಲ್ಲ. ಬಸ್‌ ಸ್ಟ್ಯಾಂಡಿನ ಹತ್ತಿರ ರಫೀಕ್ ಎನ್ನುವವನು ಗಾಡಿಗಳ ಬ್ಯಾಟರಿ, ವೈರಿಂಗ್, ಲೈಟು ನೋಡುವ ಅಂಗಡಿ ಇಟ್ಟಿದ್ದಾನೆ. ಸುತ್ತ ಹತ್ತೂರಿನ ಗಾಡಿಗಳು ಅವನ ಅಂಗಡಿಯೆದುರು ಪಾಳಿ ಹಚ್ಚಿರುತ್ತವೆ. ನನ್ನ ಗಂಡ ಒಮ್ಮೆ ಅವನ ಹೆಸರೆತ್ತಿದ್ದಕ್ಕೆ ಮಾವನವರು, "ಎಸ್ಸೆಸ್ಸೆಲ್ಸಿ ಗಣಿತದಾಗ ಮೂರು ಸಲ ಫೇಲಾದಾಂವ. ಅವನ ಕೈಯಾಗ ಗಾಡಿ ಕೊಡಂತೀಯೇನು?" ಎಂದು ಕೇಳಿದರು. ಅಲ್ಲಿಗೆ ಆ ಮಾತು ಮುಗಿಯಿತು.

ಕಳೆದ ವರ್ಷ ಒಂದು ದಿನ ಮಾರ್ಕೆಟ್ಟಿನ ಹತ್ತಿರ ಆಕಳೊಂದು ಅಡ್ಡ ಬಂತೆಂದು ಮಾವನವರು ಕಾರನ್ನು ಗಕ್ಕನೆ ನಿಲ್ಲಿಸಿದರು. ಹಿಂದೆ ವೀಳ್ಯದೆಲೆಯ ಪೆಂಡಿ ಹೊತ್ತ ಟೆಂಪೋ ಬರುತ್ತಿತ್ತು. ಅದು ಕಿರ್ರೆಂದು ಅರಚಿ ಕಾರಿಗೆ ಗೇಣು ಅಂತರದಲ್ಲಿ ನಿಂತಿತು. ಡ್ರೈವರು ಬಾಯಿ ತುಂಬ ಬೈಗುಳ ತುಂಬಿಕೊಂಡು ಇಳಿದು ಬಂದ. ಕಿಟಕಿಯಲ್ಲಿ ಬಗ್ಗಿ ನೋಡಿದ. ಬಾಯಲ್ಲಿದ್ದದ್ದನ್ನೆಲ್ಲ ನುಂಗಿ "ತಪ್ಪಾತ್ರಿ ಸರ್" ಅಂದ! ಮಾವನವರು ಅವನನ್ನು ಕ್ಷಮಿಸಿ, ಮುಂದಿನ ಗಾಡಿಯಿಂದ ಎಷ್ಟು ದೂರವಿರಬೇಕೆಂದು ವೇಗದ ಲೆಕ್ಕ ಸಮೇತ ವಿವರಿಸಿ ಮನೆಗೆ ಬಂದರು. ಮರುವಾರ ಬಂಕಾಪುರದ ರಸ್ತೆಯಲ್ಲಿ ಪೊಲೀಸನೊಬ್ಬ ಕಾರು ತಡೆಯಲು ಕೈ ಎತ್ತಿದ. ಒಳಗಿದ್ದವರು ಯಾರೆಂದು ಕಂಡ ಮೇಲೆ ಎತ್ತಿದ ಕೈಯನ್ನೇ ನಮಸ್ಕಾರ ಮಾಡಿಕೊಂಡ. ಬಲಗಡೆಯ ಬ್ರೇಕ್ ಲೈಟು ಹತ್ತುವುದಿಲ್ಲ, ಪುರುಸೊತ್ತಾದಾಗ ನೋಡಿರೆಂದು ಅವನು ಅಂಜುತ್ತ ಅಂಜುತ್ತ ಹೇಳಿದ್ದರಿಂದ ವಿಷಯ ಕೊನೆಗೂ ಮನೆ ಮುಟ್ಟಿತು.

ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಪೇಪರು ಹಾಸಿದ್ದಾಯಿತು. ಬಲಗಡೆಯ ಲೈಟಿನ ಕೆಂಪು ಮುಚ್ಚಳ ಬಿಚ್ಚಿದರು. ಬಲ್ಬು ಸುಟ್ಟು ಕಪ್ಪಾಗಿತ್ತು. ಅದೊಂದನ್ನು ಬದಲಿಸಿದ್ದರೆ ಹತ್ತು ನಿಮಿಷದ ಕೆಲಸ. ಆದರೆ ಎಡಗಡೆಯದು ಚೆನ್ನಾಗಿ ಹತ್ತುತ್ತಿತ್ತಲ್ಲ! ಅದು ಹೇಗೆ ಹತ್ತುತ್ತದೆಂದು ನೋಡದೆ ಇದು ಯಾಕೆ ಹತ್ತುವುದಿಲ್ಲವೆಂದು ಹೇಗೆ ಹೇಳುವುದು? ಅದನ್ನೂ ಬಿಚ್ಚಿದರು. ಆ ಬಲ್ಬು ಕೈಯಿಂದ ಜಾರಿ ಹಾಸುಗಲ್ಲಿನ ಮೇಲೆ ಬಿದ್ದು ಚೂರಾಯಿತು.

ಮಾವನವರು ಪೇಟೆಗೆ ಹೋಗಿ ಎರಡು ಹೊಸ ಬಲ್ಬು ತಂದರು. ಅಂಗಡಿಯವನು ಒಂದು ಬಗೆಯದನ್ನು ಎತ್ತಿದರೆ ಇವರು ಇನ್ನೊಂದು ಬಗೆಯದಕ್ಕೆ ಬೆರಳು ಮಾಡಿದರಂತೆ. ಅವನೂ ಇವರ ಕೈಯಲ್ಲಿ ಕಲಿತವನೇ, ಸುಮ್ಮನೆ ಕಟ್ಟಿಕೊಟ್ಟ. ಬಲ್ಬನ್ನು ಬ್ಯಾಟರಿಗೆ ಹಿಡಿದು ನೋಡಿದರು, ಝಗ್ಗೆಂದು ಹತ್ತಿತು. ಜಾಗದಲ್ಲಿ ಕೂಡಿಸಲು ಹೋದರೆ ಕೂಡಲೊಲ್ಲದು. ಹೊಸದು, ಬಿಗಿ ಇರುವುದೇ ಎಂದು ಒತ್ತಿ ತಿರುಚಿ ಕೂಡಿಸಿಯೇಬಿಟ್ಟರು.

ಬ್ರೇಕ್ ಲೈಟಿನ ತಮಾಷೆಯೇ ಅದು ನೋಡಿ. ಬ್ರೇಕ್ ಒತ್ತಿದವರಿಗೆ ಲೈಟು ಕಾಣುವುದಿಲ್ಲ, ಲೈಟು ನೋಡಲು ಇಳಿದರೆ ಬ್ರೇಕಿನ ಮೇಲೆ ಕಾಲಿರುವುದಿಲ್ಲ. ಒತ್ತಲು ಒಬ್ಬರು, ನೋಡಲು ಒಬ್ಬರು ಬೇಕು. ಇನ್ನೊಬ್ಬರ ಕಾಲು ತಮ್ಮ ಬ್ರೇಕಿಗೆ ತಾಗಕೂಡದೆಂದು ಮಾವನವರು ತಾವೇ ಒಳಗೆ ಕೂತರು. ನೋಡಲು ಎದುರು ಮನೆಯ ಎಲೆ ತೋಟದ ಯಜಮಾನರನ್ನು ಕರೆದರು. ಅವರೂ ಹಳೆಯ ಶಿಷ್ಯರೇ, ನಲವತ್ತೈದು ದಾಟಿದ, ಮಗಳ ಮದುವೆ ಮಾಡಿದ ಮನುಷ್ಯ. ಅವರು ಲುಂಗಿ ಇಳಿಬಿಟ್ಟುಕೊಂಡು ಬಂದು ಕಾರಿನ ಹಿಂದೆ ಕೈಕಟ್ಟಿ ನಿಂತರು.

ಮಾವನವರು ಕೇಳುವ ರೀತಿಯನ್ನೂ ಹೇಳಬೇಕು. ಬಲ್ಬು ಚೆನ್ನಾಗಿದೆ, ವೈರಿನಲ್ಲಿ ಕರೆಂಟು ಇದೆ, ಆದ್ದರಿಂದ ಹತ್ತಲೇಬೇಕು ಎಂದು ಮೊದಲು ಪ್ರಮೇಯ ಸಾಧಿಸಿದರು. ಆಮೇಲೆ ಬ್ರೇಕ್ ಒತ್ತಿ, "ಹತ್ತಿತೇನೋ?" ಅಂದರು.

ನಾನು ಕಟ್ಟೆಯ ಮೇಲೆ ನಿಂತಿದ್ದೆ. ನನಗೆ ಚೆನ್ನಾಗಿ ಕಾಣುತ್ತಿತ್ತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಎಲೆ ತೋಟದ ಯಜಮಾನರು ಬಗ್ಗಿ ನೋಡಿದರು, ಕಣ್ಣುಜ್ಜಿಕೊಂಡು ನೋಡಿದರು, ಒಂದು ಸಲ ಆಕಾಶವನ್ನೂ ನೋಡಿದರು. "ಹತ್ತೇತ್ರಿ ಸರ್" ಅಂದರು!

ಒಬ್ಬರ ಸಾಕ್ಷಿ ಸಾಲದೆಂದು ಮಾವನವರು ಮಗನನ್ನು ಕೂಗಿದರು. ನನ್ನ ಗಂಡ ಹಿತ್ತಲ ಬಚ್ಚಲಮನೆಯಲ್ಲಿ ತಲೆಗೆ ಸೋಪು ಹಚ್ಚಿಕೊಂಡಿದ್ದರು. ಅಲ್ಲಿಂದಲೇ "ಹತ್ತೇತಿ ಬಿಡ್ರಿ ಅಪ್ಪಾ" ಎಂದು ಕೂಗಿದರು. ಅತ್ತೆಯವರು ಬಂದು ನೋಡಿದ್ದರೆ ಖಂಡಿತ ನಿಜ ಹೇಳುತ್ತಿದ್ದರು, ಮಾವನವರಿಗೆ ಎದುರಾಡುವ ಒಂದೇ ಬಾಯಿ ಅವರದು. ಆದರೆ ಆಗ ನನ್ನ ನಾದಿನಿ ಬಾಣಂತನಕ್ಕೆ ತವರಿಗೆ ಬಂದಿದ್ದಳು, ಅತ್ತೆಗೆ ಕೂಸಿನ ನೀರು ಕಾಯಿಸುವ ಗಡಿಬಿಡಿ. ಮಾವನವರ ಲೈಟು ಹತ್ತಲಿ ಬಿಡಲಿ, ತಮ್ಮ ಹಂಡೆಯ ಒಲೆ ಹತ್ತಿದರೆ ಸಾಕೆಂದು ಒಳಗಿನಿಂದಲೇ ಹೇಳಿ ಕಳಿಸಿದರು.

ಉಳಿದವಳು ನಾನು. "ನೀ ನೋಡವಾ" ಅಂದರು ಮಾವನವರು. ತಲೆಯ ಮೇಲೆ ಸೆರಗು ಎಳೆದುಕೊಂಡು ಕಾರಿನ ಹಿಂದೆ ನಿಂತೆ. ಎಂಟು ವರ್ಷದಲ್ಲಿ ನಾನು ಅವರೆದುರು ಖುರ್ಚಿಯ ಮೇಲೆ ಕೂತವಳಲ್ಲ, 'ಇಲ್ಲ' ಎಂದವಳಂತೂ ಮೊದಲೇ ಅಲ್ಲ. ಸಾರಿಗೆ ಉಪ್ಪು ಹಾಕಿದ್ದೀಯಾ ಎಂದು ಕೇಳಿದರೂ, ಹಾಕಿರದಿದ್ದರೆ ಹೌದೆಂದು ಹೇಳಿ ಓಡಿಹೋಗಿ ಹಾಕುವವಳು ನಾನು. ಬ್ರೇಕ್ ಒತ್ತಿದರು. ಕೆಂಪು ಗಾಜು ಮಿಸುಕಲಿಲ್ಲ.

"ಹತ್ತೇತ್ರಿ ಮಾವಾರ" ಅಂದೆ. ನನ್ನ ಬಾಯಿಗೆ ಹುಳ ಬೀಳಲಿ!

ಆಮೇಲಿನ ಮೂರು ವಾರ ಊರಿನಲ್ಲಿ ಒಂದು ವಿಚಿತ್ರ ನಡೆಯಿತು. ಸವಣೂರಿನ ಜನ ಆ ಬಿಳಿ ಕಾರು ಕಂಡರೆ ಹತ್ತು ಮಾರು ಹಿಂದೆ ಉಳಿಯಲು ಕಲಿತರು. ಟೆಂಪೋ, ಆಟೋ, ಬೈಕು, ಯಾರೂ ಹತ್ತಿರ ಬರಲೊಲ್ಲರು. ಊರಿನ ಜನಕ್ಕೆ ಕೊನೆಗೂ ಶಿಸ್ತು ಬಂತೆಂದು ಮಾವನವರು ಊಟದ ಹೊತ್ತಿಗೆ ಸಮಾಧಾನಪಟ್ಟರು. ನನ್ನ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ.

ಹೀಗೇ ಸಾಗುತ್ತಿತ್ತೋ ಏನೋ. ಅಷ್ಟರಲ್ಲಿ ನಾದಿನಿಯನ್ನು ಹಂಸಭಾವಿಗೆ, ಗಂಡನ ಮನೆಗೆ ಕಳಿಸುವ ದಿನ ಗೊತ್ತಾಯಿತು. ಅಮಾವಾಸ್ಯೆ ಕಳೆದ ಸೋಮವಾರ. ಬಾಣಂತಿಗೆ ಅಂಟಿನುಂಡಿ ಕಟ್ಟಿದ್ದಾಯಿತು, ತೊಟ್ಟಿಲು ಬಂತು, ಕೂಸಿಗೆ ಕುಲಾವಿ ಹೊಲಿಸಿದ್ದಾಯಿತು. ಬಾಡಿಗೆ ಗಾಡಿ ಮಾಡೋಣವೆಂದರೆ ಮಾವನವರು ಒಪ್ಪಲಿಲ್ಲ. ಮೊಮ್ಮಗಳು ಮೊದಲ ಸಲ ತನ್ನ ಊರಿಗೆ ಹೋಗುವುದು ಅಜ್ಜನ ಕಾರಿನಲ್ಲೇ!

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹಿಂದಿನ ಸೀಟಿನಲ್ಲಿ ನಾದಿನಿ, ಪಕ್ಕದಲ್ಲಿ ಅತ್ತೆ, ಅವರ ತೊಡೆಯ ಮೇಲೆ ಮೂರು ತಿಂಗಳ ಕೂಸು. ಅವರ ಬೆನ್ನಿಗೆ ಹತ್ತದ ಎರಡು ಲೈಟು. ಹಾವೇರಿಯ ಹತ್ತಿರ ಹೆದ್ದಾರಿಯಲ್ಲಿ ಗುಡ್ಡದಂಥ ಲಾರಿಗಳು ಹಿಂದಿನಿಂದ ನುಗ್ಗುತ್ತವೆ. ಆ ಲಾರಿಯವರಲ್ಲಿ ಯಾರೂ ನಮ್ಮ ಮಾವನವರ ಕೈಯಲ್ಲಿ ಕಲಿತವರಲ್ಲ.

ಗಂಡನಿಗೆ ಹೇಳಿದೆ. ಅವರು ನೀನೇ ಹೇಳು ಅಂದರು, ನಾನು ನೀವೇ ಹೇಳಿರೆಂದೆ. ಎರಡು ದಿನ ಇದರಲ್ಲೇ ಹೋಯಿತು. ಕೊನೆಗೆ ಗಂಡ ರಫೀಕನ ಅಂಗಡಿಗೆ ಹೋಗಿ, ಅಪ್ಪ ವಾಯುವಿಹಾರಕ್ಕೆ ಹೋದಾಗ ಗುಟ್ಟಾಗಿ ಬಂದು ಸರಿಮಾಡು ಮಾರಾಯಾ ಎಂದು ಬೇಡಿಕೊಂಡರು. ಅವನು ಎರಡೂ ಕಿವಿ ಮುಟ್ಟಿಕೊಂಡನಂತೆ. ಸರ್ ಹುಕುಂ ಇಲ್ಲದೆ ಅವರ ಗಾಡಿಗೆ ಕೈ ಹಚ್ಚುವ ಧೈರ್ಯ ತನಗಿಲ್ಲವೆಂದನಂತೆ.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಮಾವನವರು ಕಾರಿನ ತಪಾಸಣೆಗೆ ನಿಂತರು. ಗಾಲಿಯ ಗಾಳಿ ನೋಡಿದರು, ನೀರು ನೋಡಿದರು, ಹಾರ್ನ್ ಬಾರಿಸಿದರು. ನಾನು ಕೂಸನ್ನು ಹೆಗಲಿಗೆ ಹಾಕಿಕೊಂಡು ಎಳೆಬಿಸಿಲಿನಲ್ಲಿ ಅಡ್ಡಾಡುತ್ತಿದ್ದೆ. ಅವರು ಒಳಗೆ ಕೂತು, ಹಿಂದೆ ನಿಂತು ನೋಡಲು ನನ್ನನ್ನು ಕರೆದರು. ಕೂಸು ನನ್ನ ಕಿವಿಯ ಹತ್ತಿರ ಬಿಸಿಬಿಸಿ ಉಸಿರು ಬಿಡುತ್ತಿತ್ತು.

"ಹತ್ತಿತೇನವಾ?"

ಕೂಸಿನ ಬೆನ್ನ ಮೇಲೆ ಕೈಯಿಟ್ಟೆ. "ಇಲ್ರಿ ಮಾವಾರ."

ಅವರು ಇನ್ನೊಮ್ಮೆ ಒತ್ತಿದರು. ಇಲ್ಲವೆಂದೆ. ಮತ್ತೊಮ್ಮೆ ಒತ್ತಿದರು. ಇಲ್ಲವೆಂದೆ. ಕಾರಿನ ಬಾಗಿಲು ತೆರೆದು ಇಳಿದು ಬಂದರು.

"ಅವತ್ತು ಹತ್ತೇತಿ ಅಂದಿದ್ದಿ."

"ಅವತ್ತೂ ಹತ್ತಿದ್ದಿಲ್ರಿ. ನಿಮಗ ಇಲ್ಲ ಅಂತ ಹೆಂಗ ಅನ್ನೂದ್ರಿ?"

ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಬೈಯಲಿಲ್ಲ. ಎದುರು ಮನೆಯ ಯಜಮಾನರನ್ನು ಕರೆದು ಕೇಳಿದರು. ಅವರು ಲುಂಗಿಯ ಅಂಚನ್ನು ತೀಡುತ್ತ ತಪ್ಪೊಪ್ಪಿಕೊಂಡರು. ಮಗನನ್ನು ಕರೆದರು. ಅವರು ಬಚ್ಚಲಮನೆಯ ಸಂಗತಿಯನ್ನೂ ಸೇರಿಸಿ ಒಪ್ಪಿಕೊಂಡರು. ಮೂವರೂ ಸಾಲಾಗಿ ನಿಂತಿದ್ದೆವು. ನನಗಂತೂ ನಗು ಬೇರೆ ಬರುತ್ತಿತ್ತು.

ಮಾವನವರು ನಗಲಿಲ್ಲ. ಕಟ್ಟೆಯ ಮೇಲೆ ಮೆಲ್ಲಗೆ ಕೂತರು. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು, ಒರೆಸುತ್ತಲೇ ಇದ್ದರು. ಆಮೇಲೆ ಯಾರಿಗೂ ಅಲ್ಲವೆಂಬಂತೆ ಮಾತಾಡಿದರು.

"ಒಂದೊಂದು ಲೆಕ್ಕ ಆದ ಮ್ಯಾಲೂ ಕೇಳ್ತಿದ್ದೆ, ತಿಳೀತೇನ್ರೋ ಅಂತ. ಇಡೀ ಕ್ಲಾಸು ತಿಳೀತ್ರಿ ಸರ್ ಅಂತಿತ್ತು. ನಾ ಮುಂದಿನ ಲೆಕ್ಕಕ್ಕ ಹೋಗ್ತಿದ್ದೆ."

ಎಲೆ ತೋಟದ ಯಜಮಾನರು ಬೇರೆ ಕಡೆ ಮುಖ ತಿರುಗಿಸಿದರು. ಮಾವನವರು ಅವರನ್ನೇ ನೋಡುತ್ತಿದ್ದರು. ಅವರನ್ನು ನೋಡುತ್ತಿದ್ದರೋ, ಅವರ ಹಿಂದೆ ಬೆಂಚು ಬೆಂಚಾಗಿ ಕೂತಿದ್ದ ಎಷ್ಟು ಮಕ್ಕಳನ್ನು ನೋಡುತ್ತಿದ್ದರೋ. ಮೂವತ್ತೆರಡು ವರ್ಷದ ಮಕ್ಕಳು. ಅಷ್ಟು ದಿನ ಅವರನ್ನು ನೋಡಿ ಒಳಗೊಳಗೇ ನಕ್ಕಿದ್ದೆನಲ್ಲ, ಆ ಹೊತ್ತಿಗೆ ನನಗೆ ಬಹಳ ನಾಚಿಕೆಯಾಯಿತು.

ಅವರು ಎದ್ದು ಎರಡೂ ಬಲ್ಬು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಹಿಂದೆ ನಿಂತು ನಿಜ ಹೇಳುವವರು ಒಬ್ಬರು ಬೇಕು, ನೀನೂ ಬಾ ಅಂದರು ನನಗೆ. ಕೂಸನ್ನು ಅತ್ತೆಯ ಕೈಗೆ ಕೊಟ್ಟು ಕಾರು ಹತ್ತಿದೆ. ಕಾರು ಬಸ್‌ ಸ್ಟ್ಯಾಂಡಿನ ಕಡೆ ತಿರುಗಿದಾಗಲೂ ನನಗೆ ಹೊಳೆಯಲಿಲ್ಲ. ರಫೀಕನ ಅಂಗಡಿಯ ಮುಂದೆ ನಿಂತಿತು.

ಅವರನ್ನು ಕಂಡು ರಫೀಕ್ ಕೈಯಲ್ಲಿದ್ದ ಇಕ್ಕಳ ಬಿಟ್ಟು ಎದ್ದು ನಿಂತ. ತಲೆಯ ಕೂದಲು ಅರ್ಧ ನರೆತಿದೆ, ನಿಂತದ್ದು ಮಾತ್ರ ಹತ್ತನೆಯ ಇಯತ್ತೆಯ ಹುಡುಗನ ಹಾಗೆ.

"ರಫೀಕ, ಖರೇ ಹೇಳು" ಅಂದರು ಮಾವನವರು. "ನಾ ಹೇಳಿದ್ದ ಲೆಕ್ಕ ನಿನಗ ತಿಳೀತಿತ್ತೇನು?"

ಅವನು ನನ್ನ ಮುಖ ನೋಡಿದ. ನಾನು ನ್ಯಾಯ ಹೇಳುವವಳೇ?

"ಇಲ್ರಿ ಸರ್" ಅಂದ. "ಎಲ್ಲಾರೂ ತಿಳೀತು ಅಂತಿದ್ರು, ನಾನೂ ಅಂತಿದ್ದೆ."

"ತಿಳೀಲಿಲ್ಲ ಅನಬೇಕಿತ್ತಲ್ಲೋ. ನಾ ಏನು ನುಂಗ್ತಿದ್ದೆನೇನು?"

"ಹೊಡತಕ್ಕ ಅಂಜಿ ಅಲ್ರಿ. ನೀವು ಅಷ್ಟು ಜೀವ ತೇದು ಹೇಳ್ತಿದ್ರಿ. ತಿಳೀಲಿಲ್ಲ ಅಂದ್ರ ನಿಮಗ ಕೆಟ್ಟ ಅನಸ್ತೈತಿ ಅಂತ."

ಮಾವನವರು ಆಚೀಚೆ ನೋಡಿದರು. ಅವನು ಕೂತು ಕೆಲಸ ಮಾಡುವ ಮೋಟು ಮಣೆ ಕಂಡಿತು, ಎಳೆದುಕೊಂಡು ಅದರ ಮೇಲೆ ಕೂತುಬಿಟ್ಟರು. ಜೇಬಿನಿಂದ ಬಲ್ಬು ತೆಗೆದು ಅವನ ಕೈಯಲ್ಲಿಟ್ಟರು.

"ಇದು ನನಗ ತಿಳೀವಲ್ದು. ಹೇಳಿಕೊಡು."

ರಫೀಕ್ ಅವರೆದುರು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ. ಡಬ್ಬಿಯಿಂದ ಇನ್ನೊಂದು ಬಲ್ಬು ತೆಗೆದು ಎರಡರ ಬುಡವನ್ನೂ ಮೇಲೆ ಮಾಡಿ ಹಿಡಿದ. ಇವರು ಹಾಕಿದ್ದರ ಬುಡದಲ್ಲಿ ಒಂದು ಬಿಳಿ ಚುಕ್ಕೆ, ಅವನದರಲ್ಲಿ ಎರಡು. ಒಂದು ಚುಕ್ಕೆ ರಾತ್ರಿಯ ಸಣ್ಣ ಬೆಳಕಿಗೆ, ಇನ್ನೊಂದು ಬ್ರೇಕಿನ ದೊಡ್ಡ ಬೆಳಕಿಗೆ. ಒಂದೇ ಚುಕ್ಕೆಯದನ್ನು ಒತ್ತಿ ಕೂಡಿಸಿದರೆ ಅದು ಎರಡು ತಂತಿಗಳ ನಡುವೆ ಕೂತುಬಿಡುತ್ತದೆ, ಯಾವುದಕ್ಕೂ ತಾಗುವುದಿಲ್ಲ. ಬಲ್ಬಿನದೂ ತಪ್ಪಿಲ್ಲ, ಕರೆಂಟಿನದೂ ತಪ್ಪಿಲ್ಲ ಸರ್ ಎಂದು ನಡುವೆ ಸಮಾಧಾನವನ್ನೂ ಹೇಳಿದ. ಎಷ್ಟು ಮೆತ್ತಗೆ, ಎಷ್ಟು ತಾಳ್ಮೆಯಿಂದ ಹೇಳುತ್ತಿದ್ದನೆಂದರೆ ನನಗೆ ಕಣ್ಣು ತುಂಬಿ ಬಂತು. ಮಾವನವರು ಕನ್ನಡಕವನ್ನು ಹಣೆಗೆ ಏರಿಸಿ, ಬಗ್ಗಿ, ಅವನ ಬೆರಳು ಹೋದಲ್ಲೆಲ್ಲ ಕಣ್ಣು ಹಾಯಿಸುತ್ತಿದ್ದರು.

ಹೇಳಿ ಮುಗಿಸಿ ಅವನು ತಲೆ ಎತ್ತಿದ. "ತಿಳೀತೇನ್ರಿ ಸರ್?" ಅಂದ.

ಮಾವನವರು ಎರಡೂ ಬಲ್ಬುಗಳನ್ನು ಅಂಗೈಯಲ್ಲಿಟ್ಟುಕೊಂಡು ಹೊರಳಿಸಿ ಹೊರಳಿಸಿ ನೋಡಿದರು.

"ಇಲ್ಲಪಾ" ಅಂದರು. "ಇನ್ನೊಮ್ಮೆ ಹೇಳು."